ಎಲ್ಲೆ ಗುರುತಿಸಿ ಬರೆಯುವುದು

ಹಾಸನ ಜಿಲ್ಲೆಯಲ್ಲಿ ನಾನು ಓದಿರುವ ಶಾಸನಗಳ ಪೈಕಿ ಅತ್ಯಂತ ಸ್ಪಷ್ಟವಾದ ವಾಕ್ಯ ಯಾವುದೆಂದು ಯಾರಾದರೂ ಕೇಳಿದರೆ, ಶ್ರವಣಬೆಳಗೊಳದ ದೊಡ್ಡಬೆಟ್ಟದ ಮೇಲೆ ಗೊಮ್ಮಟನ ಪಾದದ ಪಕ್ಕದಲ್ಲಿರುವ ಒಂದು ಸಾಲನ್ನು ತೋರಿಸುತ್ತೇನೆ: ‘ಶ್ರೀ ಚಾವುಣ್ಡರಾಜಂ ಮಾಡಿಸಿದಂ’. ಇದೇ ಸಂಗತಿಯನ್ನು ಅಲ್ಲಿಯೇ ತಮಿಳಿನಲ್ಲಿಯೂ ಮರಾಠಿಯಲ್ಲಿಯೂ ಕೊರೆದಿದ್ದಾರೆ. ಯಾರು, ಏನು ಮಾಡಿದರು ಎಂಬುದನ್ನು ಬಿಟ್ಟರೆ ಆ ಸಾಲಿನಲ್ಲಿ ಬೇರೇನೂ ಇಲ್ಲ. ಮೂರ್ತಿಯನ್ನು ಅವನು ‘ಮಾಡಿದಂ’ ಎಂದು ಸಾಲು ಹೇಳುವುದಿಲ್ಲ, ‘ಮಾಡಿಸಿದಂ’ ಎನ್ನುತ್ತದೆ. ಅಂದರೆ ಉಳಿ ಹಿಡಿದವರು ಬೇರೆಯವರು, ಅವರ ಹೆಸರು ಅಲ್ಲಿಲ್ಲ. ಯಾವ ವರ್ಷದಲ್ಲಿ ಎಂಬುದೂ ಇಲ್ಲ.

ಈಗ ಇದೇ ವಿಷಯವನ್ನು ನಮ್ಮ ಸಂಶೋಧನ ಪ್ರಬಂಧಗಳು ಹೇಳುವ ರೀತಿಯನ್ನು ನೋಡಬೇಕು. ‘ಕ್ರಿ.ಶ. 981ರಲ್ಲಿ ಚಾವುಂಡರಾಯನಿಂದ ಗೊಮ್ಮಟೇಶ್ವರನ ಭವ್ಯ ಮೂರ್ತಿಯು ಕೆತ್ತಲ್ಪಟ್ಟಿತೆಂಬುದು ಶಾಸನಾಧಾರಗಳಿಂದ ತಿಳಿದುಬರುತ್ತದೆ.’ ಓದಲು ಗಂಭೀರವಾಗಿದೆ, ಆದರೆ ಕಲ್ಲಿನಲ್ಲಿ ಇಲ್ಲದ ಎರಡು ಸಂಗತಿಗಳನ್ನು ಇದು ಕಲ್ಲಿನ ಬಾಯಿಗೆ ತುರುಕಿದೆ. ಕೆತ್ತಿದವನು ಚಾವುಂಡರಾಯನೆಂದು ಶಾಸನ ಹೇಳಿಲ್ಲ. 981 ಎಂಬ ಸಂಖ್ಯೆಯನ್ನಂತೂ ಅದು ಕಂಡೇ ಇಲ್ಲ. ಆ ವರ್ಷ ಬಂದದ್ದು ವಿದ್ವಾಂಸರ ಲೆಕ್ಕದಿಂದ. ಚಾವುಂಡರಾಯ ತನ್ನ ಪುರಾಣವನ್ನು ಮುಗಿಸಿದ್ದು 978ರಲ್ಲಿ. ಆ ಗ್ರಂಥದಲ್ಲಿ ಮೂರ್ತಿಯ ಪ್ರಸ್ತಾಪವಿಲ್ಲ. ರನ್ನನ ಅಜಿತಪುರಾಣ 993ರದು. ಅತ್ತಿಮಬ್ಬೆ ಬೆಟ್ಟಕ್ಕೆ ಬಂದು ಜಿನದರ್ಶನ ಮಾಡಿದ ಪ್ರಸಂಗ ಅದರಲ್ಲಿ ಬರುತ್ತದೆ. ಹಾಗಾಗಿ ಮೂರ್ತಿ ಈ ಎರಡು ವರ್ಷಗಳ ನಡುವೆ ಆಗಿರಬೇಕೆಂದು ಊಹಿಸುತ್ತಾರೆ. ನಂತರದ ಕಾಲದ ಕೃತಿಯೊಂದು ಹೇಳುವ ಸಂವತ್ಸರ, ತಿಥಿ, ನಕ್ಷತ್ರಗಳನ್ನು ಲೆಕ್ಕ ಹಾಕಿ ಕೆಲವರು 981 ಎಂದರು, ಕೆಲವರು 983 ಎಂದರು. ಈ ದಾರಿಯನ್ನು ನಾಲ್ಕು ಸಾಲುಗಳಲ್ಲಿ ಹೇಳಿದರೆ ಓದುಗ ತಾನೂ ಅದರ ಮೇಲೆ ನಡೆದು, ಎಲ್ಲಿ ನೆಲ ಗಟ್ಟಿಯಾಗಿದೆ, ಎಲ್ಲಿ ಕಾಲು ಹೂಳುತ್ತದೆ ಎಂಬುದನ್ನು ನೋಡಿಕೊಳ್ಳಬಹುದು. ‘ತಿಳಿದುಬರುತ್ತದೆ’ ಎಂದು ಮುಗಿಸಿಬಿಟ್ಟರೆ ಅವನಿಗೆ ನಂಬುವುದೊಂದೇ ಉಳಿಯುತ್ತದೆ.

ಬರವಣಿಗೆಯಲ್ಲಿ ಸ್ಪಷ್ಟತೆ ಎಂದರೆ ಸುಲಭವಾದ ಪದಗಳು, ಚಿಕ್ಕ ಚಿಕ್ಕ ವಾಕ್ಯಗಳು ಎಂಬ ತಿಳಿವಳಿಕೆ ನಮ್ಮ ವಿದ್ಯಾರ್ಥಿಗಳಲ್ಲಿ ಬೇರೂರಿದೆ. ಹಾಸನ, ಬೇಲೂರು, ಅರಸೀಕೆರೆ, ಕಡೂರು ತಾಲ್ಲೂಕುಗಳ ಹೊಯ್ಸಳರ ಕಾಲದ ಕೆರೆಶಾಸನಗಳ ಮೇಲೆ ಕೆಲಸ ಮಾಡುತ್ತ ನಾನು ಕಂಡುಕೊಂಡದ್ದು ಬೇರೆ. ಸಾಕ್ಷ್ಯ ಎಲ್ಲಿಗೆ ಮುಗಿಯಿತು, ಹಿಂದಿನ ವಿದ್ವಾಂಸರ ಮಾತು ಎಲ್ಲಿಂದ ಎಲ್ಲಿಯವರೆಗೆ, ನನ್ನ ಊಹೆ ಎಲ್ಲಿ ಶುರುವಾಯಿತು, ಈ ಮೂರರ ಎಲ್ಲೆಯನ್ನು ಗುರುತಿಸುವುದೇ ಸಂಶೋಧಕರ ಸ್ಪಷ್ಟತೆ. ಪದ ಸುಲಭವಾಗಿದ್ದೂ ಈ ಎಲ್ಲೆ ಕಲಸಿಹೋಗಿದ್ದರೆ ಬರಹ ಮಸುಕಾಗಿಯೇ ಇರುತ್ತದೆ. ಎಲ್ಲೆ ಸರಿಯಾಗಿದ್ದರೆ ‘ಬಿತ್ತುವಟ್ಟ’ (ಕೆರೆಗಾಗಿ ಬಿಟ್ಟ ಭೂಮಿ), ‘ಸಲಗೆ’, ‘ಕೊಳಗ’ (ಅಳತೆಗಳು) ಎಂಬ ಹಳೆಯ ಪರಿಭಾಷೆಗಳು ತುಂಬಿದ್ದರೂ ಓದುಗ ದಾರಿ ತಪ್ಪುವುದಿಲ್ಲ.

ಇದು ನನಗೆ ಮನದಟ್ಟಾದದ್ದು ಯಾವ ಕಾರ್ಯಾಗಾರದಲ್ಲಿಯೂ ಅಲ್ಲ, ಹಾಸನದ ಒಂದು ಡಿಟಿಪಿ ಅಂಗಡಿಯಲ್ಲಿ. ಪಿಎಚ್.ಡಿ. ಪ್ರಬಂಧದ ಕೈಬರಹದ ಅಧ್ಯಾಯಗಳನ್ನು ಅಲ್ಲಿ ಕೊಟ್ಟು ಟೈಪ್ ಮಾಡಿಸುತ್ತಿದ್ದೆ. ಅಂಗಡಿಯ ಹುಡುಗ ಅನೇಕ ಪ್ರಬಂಧಗಳನ್ನು ಟೈಪ್ ಮಾಡಿ ಪಳಗಿದವನು, ನುಡಿ ತಂತ್ರಾಂಶದಲ್ಲಿ ಅವನ ಬೆರಳುಗಳು ಓಡುವ ವೇಗ ನೋಡುವಂತಿತ್ತು. ಒಂದು ಸಂಜೆ ಕರಡು ತಿದ್ದಲು ಹೋದಾಗ ಪರದೆಯ ಮೇಲೆ ಒಂದು ಸಾಲನ್ನು ತೋರಿಸಿ ಕೇಳಿದ: “ಮೇಡಂ, ಇದನ್ನ ಎರಡು ಮೂರು ಸಲ ಓದ್ದೆ. ಕೆರೆ ಕಟ್ಸಿದ್ದು ಯಾರು ಅಂತ ಗೊತ್ತಾಗ್ಲಿಲ್ಲ. ಟೈಪ್ ಮಾಡುವಾಗ ನಾನೇನಾದ್ರೂ ಬಿಟ್ಬಿಟ್ನಾ ಅಂತ.”

ಅವನು ಏನನ್ನೂ ಬಿಟ್ಟಿರಲಿಲ್ಲ. ವಾಕ್ಯ ಹೀಗಿತ್ತು: ‘ಈ ಕೆರೆಯ ನಿರ್ಮಾಣವು ಹೊಯ್ಸಳರ ಕಾಲದಲ್ಲಿ ಆಗಿದ್ದು, ಇದರ ನಿರ್ವಹಣೆಗಾಗಿ ಭೂಮಿಯನ್ನು ದತ್ತಿಯಾಗಿ ಬಿಡಲಾಗಿರುವುದು ಕಂಡುಬರುತ್ತಿದ್ದು, ಸ್ಥಳೀಯ ಆಡಳಿತದ ಪಾತ್ರವು ಮಹತ್ವದ್ದಾಗಿತ್ತೆನ್ನಬಹುದಾಗಿದೆ.’ ವ್ಯಾಕರಣದ ದೃಷ್ಟಿಯಿಂದ ಇದಕ್ಕೆ ಕುಂದಿಲ್ಲ, ನಮ್ಮ ಶಾಸ್ತ್ರದಲ್ಲಿ ಎಲ್ಲರೂ ಬರೆಯುವುದು ಹೀಗೆಯೇ. ಆದರೆ ಕೇಳಿದವನ ಪ್ರಶ್ನೆಗೆ ಉತ್ತರ ಹುಡುಕಲು ಟಿಪ್ಪಣಿ ಪುಸ್ತಕ ತೆಗೆದು, ಕಲ್ಲಿನ ಪಾಠವನ್ನು ಪಕ್ಕದಲ್ಲಿಟ್ಟುಕೊಂಡು, ಆ ಸಾಲನ್ನು ಅಲ್ಲಿಯೇ ಕುಳಿತು ಬಿಡಿಸಬೇಕಾಯಿತು. ಬಿಡಿಸಿದಾಗ ಬಂದದ್ದು ಇದು: ‘ತೂಬಿನ ಬಳಿಯ ಕಲ್ಲು ಕೆರೆ ಕಟ್ಟಿಸಿದವರ ಹೆಸರನ್ನು ಹೇಳುವುದಿಲ್ಲ. ಊರ ಗಾವುಂಡರು ಕೆರೆಗೆ ಗದ್ದೆ ಬಿಟ್ಟರೆಂದು ಹೇಳುತ್ತದೆ. ಗದ್ದೆ ಬಿಡುವ ಹೊತ್ತಿಗೆ ಕೆರೆ ಇತ್ತು, ಅಥವಾ ಆಗಷ್ಟೇ ಮುಗಿದಿತ್ತು. ಅದಕ್ಕಿಂತ ಎಷ್ಟು ಹಿಂದಿನದೆಂದು ಈ ಕಲ್ಲಿನಿಂದ ತಿಳಿಯದು.’

ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿದರೆ ಭಾಷೆಯ ವ್ಯತ್ಯಾಸಕ್ಕಿಂತ ದೊಡ್ಡ ವ್ಯತ್ಯಾಸವೊಂದು ಕಾಣುತ್ತದೆ. ಮೊದಲ ವಾಕ್ಯದಲ್ಲಿ ‘ನಿರ್ಮಾಣವು ಆಗಿದ್ದು’ ಎಂಬಲ್ಲಿ ಕರ್ತೃವೇ ಇಲ್ಲ, ಆದ್ದರಿಂದ ಯಾರು ಕಟ್ಟಿಸಿದರೆಂಬ ಪ್ರಶ್ನೆ ಬರೆಯುವವರಿಗೂ ಏಳುವುದಿಲ್ಲ. ‘ಬಿಡಲಾಗಿರುವುದು’ ಎಂಬಲ್ಲಿ ಗಾವುಂಡರು ಮರೆಯಾಗಿದ್ದಾರೆ. ಮರೆಯಾದ ಅವರೇ ಮುಂದಿನ ತುಂಡಿನಲ್ಲಿ ‘ಸ್ಥಳೀಯ ಆಡಳಿತ’ ಎಂಬ ಆಕಾರವಿಲ್ಲದ ಹೆಸರಿನಲ್ಲಿ ಮತ್ತೆ ಬಂದಿದ್ದಾರೆ. ಕರ್ತೃವನ್ನು ಹೆಸರಿಸಲೇಬೇಕೆಂದು ಹಟ ಹಿಡಿದು ಬರೆದರೆ ಕಲ್ಲಿನಲ್ಲಿ ಏನಿಲ್ಲ ಎಂಬುದೂ ಹೊರಬೀಳುತ್ತದೆ. ಏನಿಲ್ಲವೆಂದು ಹೇಳುವುದು ಸಂಶೋಧನೆಯ ಫಲವೇ ಹೊರತು ಅದರ ಸೋಲಲ್ಲ. ಈ ಮಾತನ್ನು ಮಾರ್ಗದರ್ಶನ ಮಾಡುವ ಪ್ರತಿಯೊಬ್ಬರೂ ತಮ್ಮ ವಿದ್ಯಾರ್ಥಿಗಳಿಗೆ ಮೊದಲ ವರ್ಷದಲ್ಲಿಯೇ ಹೇಳಬೇಕೆಂದು ನನಗೆ ತೀವ್ರವಾಗಿ ಅನಿಸುತ್ತದೆ.

ಶಾಸನಗಳನ್ನೇ ದಿನವಿಡೀ ಓದುವವರಿಗೆ ಇದರ ಪಾಠ ಕಣ್ಣೆದುರಿಗೇ ಇದೆ. ಹೊಯ್ಸಳರ ಕಾಲದ ಒಂದು ದೊಡ್ಡ ದಾನಶಾಸನವನ್ನು ತೆಗೆದುಕೊಂಡರೆ ಅದರಲ್ಲಿ ಎರಡು ಬಗೆಯ ಗದ್ಯ ಸ್ಪಷ್ಟವಾಗಿ ಕಾಣುತ್ತದೆ. ಮೊದಲ ಭಾಗ ಪ್ರಶಸ್ತಿ, ಅಂದರೆ ಅರಸನ ಹೊಗಳಿಕೆ: ಸಮಧಿಗತ ಪಂಚಮಹಾಶಬ್ದ, ದ್ವಾರಾವತೀಪುರವರಾಧೀಶ್ವರ, ತಲಕಾಡುಗೊಂಡ ಎಂದು ಬಿರುದುಗಳು ಸಾಲು ಸಾಲಾಗಿ ಉರುಳುತ್ತವೆ. ಆ ಭಾಗಕ್ಕೆ ತನ್ನದೇ ಗತ್ತು ಇದೆ, ಗಟ್ಟಿಯಾಗಿ ಓದಿದಾಗ ಅದರ ನಡಿಗೆ ನಿಜಕ್ಕೂ ಸೊಗಸು. ಆದರೆ ದತ್ತಿಯ ಭಾಗಕ್ಕೆ ಬಂದೊಡನೆ ಬರೆದವನ ರೀತಿಯೇ ಬದಲಾಗುತ್ತದೆ. ಯಾರು ಕೊಟ್ಟರು, ಯಾರ ಕಾಲು ತೊಳೆದು ಕೊಟ್ಟರು, ಯಾವ ಕೆರೆಯ ಕೆಳಗಿನ ಗದ್ದೆ, ಎಷ್ಟು ಸಲಗೆ, ಎಷ್ಟು ಕೊಳಗ, ಬೆದ್ದಲೆ (ಮಳೆಯಾಶ್ರಯದ ಹೊಲ) ಎಷ್ಟು ಎಂದು ಹೇಳಿ, ಕೊನೆಗೆ ಸೀಮೆ: ಮೂಡಲು ಏನು, ತೆಂಕಲು ಏನು, ಪಡುವಲು ಏನು, ಬಡಗಲು ಏನು. ಅಲ್ಲಿ ನೆಟ್ಟ ಕಲ್ಲು, ಒಂದು ಹುಣಸೆಮರ, ಹಳ್ಳದ ತಿರುವು, ಪಕ್ಕದ ಊರಿನ ಗಡಿ, ಹೀಗೆ ಕಣ್ಣಿಗೆ ಕಾಣುವ ಗುರುತುಗಳೇ ಬರುತ್ತವೆ.

ಒಬ್ಬನೇ ಕವಿ ಅಥವಾ ಲಿಪಿಕಾರ ಎರಡನ್ನೂ ಬರೆದಿದ್ದಾನೆ, ಆದ್ದರಿಂದ ಇದು ಸಾಮರ್ಥ್ಯದ ಮಾತಲ್ಲ. ಪ್ರಶಸ್ತಿಯಲ್ಲಿ ಒಂದು ಬಿರುದು ಹೆಚ್ಚುಕಡಿಮೆಯಾದರೆ ಯಾರ ಹೊಲವೂ ಕೈತಪ್ಪುವುದಿಲ್ಲ. ಸೀಮೆಯ ಸಾಲಿನಲ್ಲಿ ತೆಂಕಣ ಕಲ್ಲು ಯಾವುದೆಂದು ಮಸುಕಾದರೆ ಎರಡು ತಲೆಮಾರು ಕಳೆಯುವುದರೊಳಗೆ ವ್ಯಾಜ್ಯ ಹುಟ್ಟುತ್ತದೆ. ಬರೆದವನಿಗೆ ಓದುಗ ಯಾರೆಂಬುದು ಗೊತ್ತಿತ್ತು: ಮುಂದೊಂದು ದಿನ ಈ ಕಲ್ಲಿನ ಎದುರು ನಿಂತು, ಓದಿ, ಹೊಲದ ಬದಿಗೆ ನಡೆದು ಪರೀಕ್ಷಿಸುವವನು. ನಮ್ಮ ಸಂಶೋಧನ ಲೇಖನಕ್ಕೂ ಅಂಥ ಓದುಗನೇ ಬೇಕು. ಆದರೆ ನಮ್ಮಲ್ಲಿ ಹೆಚ್ಚಿನವರು ಅವನನ್ನು ಮರೆತು, ಮೌಲ್ಯಮಾಪನ ಮಾಡುವವರ ಎದುರು ಪ್ರಶಸ್ತಿಯ ಗದ್ಯವನ್ನೇ ಬರೆಯುತ್ತೇವೆ. ‘ಅಪಾರ ಕೊಡುಗೆ’, ‘ಮಹತ್ವದ ಪಾತ್ರ’, ‘ಸುವರ್ಣಯುಗ’ ಎಂಬ ಪದಗಳು ಇಂದಿನ ಬಿರುದಾವಳಿ.

ಉದ್ದ ವಾಕ್ಯದ ಬಗ್ಗೆಯೂ ಶಾಸನಗಳ ದತ್ತಿಭಾಗ ಒಂದು ಪಾಠ ಹೇಳುತ್ತದೆ. ಕನ್ನಡಕ್ಕೆ ಉದ್ದ ವಾಕ್ಯ ಭಾರವಲ್ಲ. ‘ಕಾಲಂ ಕರ್ಚಿ ಧಾರಾಪೂರ್ವಕಂ ಮಾಡಿ ಬಿಟ್ಟ’ ಎಂಬಂತೆ, ತೊಳೆದು, ಎರೆದು, ಬಿಟ್ಟು, ನೆಟ್ಟು ಎಂದು ಕ್ರಿಯೆಗಳನ್ನು ಒಂದರ ಹಿಂದೆ ಒಂದು ಪೋಣಿಸಿಕೊಂಡು ಹೋಗಿ ಕೊನೆಯಲ್ಲಿ ಒಂದು ಪೂರ್ಣ ಕ್ರಿಯಾಪದದಿಂದ ಗಂಟು ಹಾಕುವುದು ನಮ್ಮ ನುಡಿಯ ಸಹಜ ಗುಣ, ಮನೆಯಲ್ಲಿ ಅಜ್ಜಿ ಕಥೆ ಹೇಳುವುದೂ ಹೀಗೆಯೇ. ಈ ಸರಪಳಿ ಹಿಡಿತದಲ್ಲಿರುವುದಕ್ಕೆ ಕಾರಣ, ಎಲ್ಲ ಕ್ರಿಯೆಗಳ ಕರ್ತೃ ಒಬ್ಬನೇ ಆಗಿರುವುದು. ಪ್ರಬಂಧದ ವಾಕ್ಯದಲ್ಲಿ ‘ಆಗಿದ್ದು’, ‘ಕಂಡುಬರುತ್ತಿದ್ದು’ ಎಂದು ಸರಪಳಿಯ ಹೊರರೂಪ ಉಳಿದಿರುತ್ತದೆ, ಆದರೆ ಒಂದೊಂದು ಕೊಂಡಿಗೂ ಕರ್ತೃ ಬದಲಾಗಿರುತ್ತಾನೆ: ಮೊದಲು ಕೆರೆ, ಆಮೇಲೆ ದತ್ತಿ, ಆಮೇಲೆ ಆಡಳಿತ, ಕಡೆಗೆ ಹೆಸರಿಲ್ಲದ ಸಂಶೋಧಕ. ಓದುಗ ಸೋಲುವುದು ಇಲ್ಲಿ. ಆದ್ದರಿಂದ ವಾಕ್ಯವನ್ನು ಎಲ್ಲಿ ಕತ್ತರಿಸಬೇಕೆಂಬುದಕ್ಕೆ ನಾನು ಪದಗಳನ್ನು ಎಣಿಸುವುದಿಲ್ಲ. ಕರ್ತೃ ಬದಲಾದಲ್ಲಿ ನಿಲ್ಲಿಸುತ್ತೇನೆ, ಬದಲಾಗದಿದ್ದರೆ ನಾಲ್ಕು ಸಾಲು ಹೋದರೂ ಚಿಂತೆಯಿಲ್ಲ.

ಇನ್ನು ‘ಎನ್ನಬಹುದು’ ಎಂಬುದರ ವಿಚಾರ. ಇದನ್ನು ಪೂರ್ತಿಯಾಗಿ ತೆಗೆದುಹಾಕಿ ಎಂದು ಕೆಲವು ಹಿರಿಯರು ವಿದ್ಯಾರ್ಥಿಗಳಿಗೆ ಹೇಳುವುದನ್ನು ಕೇಳಿದ್ದೇನೆ, ನಾನು ಒಪ್ಪುವುದಿಲ್ಲ. ಅನುಮಾನ ನಿಜವಾಗಿ ಇರುವಲ್ಲಿ ಅದನ್ನು ಹೇಳಲೇಬೇಕು. ಬೇಲೂರು ತಾಲ್ಲೂಕಿನ ಹಲ್ಮಿಡಿಯ ಶಾಸನವನ್ನೇ ನೋಡಬಹುದು. 1936ರಲ್ಲಿ ಎಂ.ಎಚ್. ಕೃಷ್ಣ ಅವರು ವಿದ್ವತ್ ಲೋಕದ ಗಮನಕ್ಕೆ ತಂದ ಆ ಕಲ್ಲಿನ ಬರಹದಲ್ಲಿ 16 ಸಾಲುಗಳಿವೆ, ಕದಂಬ ಕಾಕುಸ್ಥನ ಹೆಸರಿದೆ, ಯುದ್ಧದಲ್ಲಿ ಗೆದ್ದವನಿಗೆ ಪಲ್ಮಿಡಿ ಮತ್ತು ಮೂಳಿವಳ್ಳಿ ಎಂಬ ಊರುಗಳನ್ನು ಬಾಳ್ಗಳ್ಚು (ವೀರನ ಕತ್ತಿ ತೊಳೆದು ಕೊಡುವ) ದತ್ತಿಯಾಗಿ ಕೊಟ್ಟ ಸಂಗತಿಯಿದೆ. ವರ್ಷವಿಲ್ಲ. ಶಾಲೆಯ ಪುಸ್ತಕದಿಂದ ಹಿಡಿದು ಎಲ್ಲೆಡೆ ‘ಕ್ರಿ.ಶ. 450’ ಎಂದು ಅಚ್ಚಾಗುವುದು ಲಿಪಿಯ ರೂಪವನ್ನೂ ಹೆಸರಿಸಿರುವ ಅರಸನನ್ನೂ ಆಧರಿಸಿದ ಅಂದಾಜು, ಅದರ ಬಗ್ಗೆ ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯಗಳಿವೆ. ಇಲ್ಲಿ ‘ಸುಮಾರು’ ಎಂಬ ಮಾತು ಬೇಕೇ ಬೇಕು. ಮೂರೇ ಅಕ್ಷರದ ಆ ಮಾತನ್ನು ಕೈಬಿಟ್ಟರೆ ಅಂದಾಜು ಸತ್ಯದ ವೇಷ ತೊಟ್ಟುಬಿಡುತ್ತದೆ. ಆದರೆ ಅದೇ ಶಾಸನದಲ್ಲಿ ಪಲ್ಮಿಡಿಯ ಹೆಸರಿದೆ ಎಂಬುದನ್ನು ‘ಪಲ್ಮಿಡಿಯ ಉಲ್ಲೇಖವಿರುವುದಾಗಿ ಕಂಡುಬರುತ್ತದೆಯೆನ್ನಬಹುದು’ ಎಂದು ಬರೆಯುವುದು ಅನುಮಾನವಲ್ಲ, ಅಂಜಿಕೆ. ಕಲ್ಲಿನಲ್ಲಿ ಕಾಣುವ ಹೆಸರಿಗೆ ‘ಇದೆ’ ಎನ್ನಬೇಕು. ಅಂಜಿಕೆಯನ್ನು ಎಲ್ಲ ಸಾಲುಗಳಿಗೂ ಸಮನಾಗಿ ಬಳಿದಾಗ ನಿಜವಾದ ಅನುಮಾನ ಯಾವುದೆಂದು ಗುರುತಿಸುವುದಕ್ಕೆ ಓದುಗನಿಗೆ ಯಾವ ದಾರಿಯೂ ಉಳಿಯುವುದಿಲ್ಲ.

ಅಂಜಿಕೆಗೆ ಕಾರಣಗಳಿವೆ, ಅವನ್ನು ಬರೆಯುವವರ ತಲೆಗೆ ಮಾತ್ರ ಕಟ್ಟುವುದು ನ್ಯಾಯವಲ್ಲ. ‘ನಾನು’ ಎಂದು ಬರೆಯಬಾರದೆಂದು ಹೇಳಿಕೊಟ್ಟಿರುತ್ತಾರೆ, ಹಾಗಾಗಿ ‘ಪ್ರಸ್ತುತ ಸಂಶೋಧಕರು’, ‘ಪ್ರಸ್ತುತ ಅಧ್ಯಯನವು’ ಎಂಬ ಮರೆಯಲ್ಲಿ ನಿಲ್ಲುವ ಅಭ್ಯಾಸವಾಗುತ್ತದೆ. ಆದರೆ ಕಲ್ಲನ್ನು ನಾನು ನೋಡಿದೆನೋ, ಅಚ್ಚಾದ ಪಾಠವನ್ನು ಮಾತ್ರ ನೋಡಿದೆನೋ ಎಂಬುದು ಸಾಕ್ಷ್ಯದ ಭಾಗ. ‘ಈ ಅಕ್ಷರ ನನಗೆ ಕಾಣಲಿಲ್ಲ, ಮುದ್ರಿತ ಪಾಠವನ್ನು ಅನುಸರಿಸಿದ್ದೇನೆ’ ಎಂಬ ವಾಕ್ಯದಲ್ಲಿ ಅಹಂಕಾರವೇನೂ ಇಲ್ಲ. ಅದನ್ನು ಕರ್ಮಣಿ ಪ್ರಯೋಗದಲ್ಲಿ ಹೇಳಿದರೆ ಯಾರಿಗೆ ಕಾಣಲಿಲ್ಲವೆಂಬುದೇ ತಿಳಿಯುವುದಿಲ್ಲ. ಇನ್ನೊಂದು ಕಾರಣ ಹೊಸದು. ಕೃತಿಚೌರ್ಯದ ಕುರಿತು ಯುಜಿಸಿ 2018ರಲ್ಲಿ ತಂದ ನಿಯಮಾವಳಿಯ ಪ್ರಕಾರ ಶೇಕಡಾ 10ರವರೆಗಿನ ಹೋಲಿಕೆಗೆ ದಂಡನೆಯಿಲ್ಲ. ನಿಯಮ ಬೇಕಾದದ್ದೇ. ಆದರೆ ಆ ಸಂಖ್ಯೆಯನ್ನು ಇಳಿಸುವುದಕ್ಕಾಗಿ ಬೇರೆಯವರ ಒಳ್ಳೆಯ ವಾಕ್ಯವನ್ನು ತೆಗೆದುಕೊಂಡು ಪದಗಳನ್ನು ಒಂದೊಂದಾಗಿ ಬದಲಿಸುವ ಪದ್ಧತಿ ಹುಟ್ಟಿದೆ. ‘ಕೆರೆ ಒಡೆಯಿತು’ ಎಂಬುದು ‘ಜಲಾಶಯವು ಭಗ್ನಗೊಂಡಿತು’ ಎಂದಾಗುತ್ತದೆ. ಈ ದಾರಿಯಲ್ಲಿ ಹುಟ್ಟಿದ ಪ್ಯಾರಾದಲ್ಲಿ ಮೂಲದವರ ಆಲೋಚನೆಯೂ ಇರುವುದಿಲ್ಲ, ಬರೆದವರದೂ ಇರುವುದಿಲ್ಲ. ನನ್ನ ವಿದ್ಯಾರ್ಥಿಗಳಿಗೆ ನಾನು ಹೇಳುವುದು ಇಷ್ಟು: ಪುಸ್ತಕ ಮುಚ್ಚಿಡಿ, ಅದರಲ್ಲಿ ಏನು ಹೇಳಿದೆ ಎಂಬುದನ್ನು ಪಕ್ಕದಲ್ಲಿ ಕುಳಿತವರಿಗೆ ಬಾಯಲ್ಲಿ ಹೇಳಿ, ಹೇಳಿದ್ದನ್ನೇ ಬರೆಯಿರಿ, ಆಮೇಲೆ ಪುಸ್ತಕ ತೆರೆದು ಸಂಗತಿಗಳು ಸರಿಯಿವೆಯೇ ಎಂದು ತಾಳೆ ನೋಡಿ.

ಅಡಿಟಿಪ್ಪಣಿಯ ವಿಷಯವನ್ನು ಬೇಗ ಮುಗಿಸುತ್ತೇನೆ, ಆದರೆ ಬಿಡಲಾರೆ. ಬಿ.ಎಲ್. ರೈಸ್ ಅವರು ಹಾಸನ ಜಿಲ್ಲೆಯ ಶಾಸನಗಳನ್ನು ಎಪಿಗ್ರಾಫಿಯ ಕರ್ನಾಟಿಕ ಎಂಬ ಶಾಸನ ಸಂಪುಟಮಾಲೆಯ 5ನೇ ಸಂಪುಟದಲ್ಲಿಯೂ ಅಂದಿನ ಕಡೂರು ಜಿಲ್ಲೆಯ, ಅಂದರೆ ಇಂದಿನ ಚಿಕ್ಕಮಗಳೂರಿನ ಶಾಸನಗಳನ್ನು 6ನೇ ಸಂಪುಟದಲ್ಲಿಯೂ ಪ್ರಕಟಿಸಿದರು. ಮೈಸೂರು ವಿಶ್ವವಿದ್ಯಾನಿಲಯದ ಪರಿಷ್ಕೃತ ಆವೃತ್ತಿಯಲ್ಲಿ ಸಂಪುಟಗಳ ವಿಂಗಡಣೆ ಬೇರೆ, ಶಾಸನಗಳ ಸಂಖ್ಯೆಗಳೂ ಬೇರೆ. ಯಾವ ಆವೃತ್ತಿಯೆಂದು ಹೇಳದೆ ‘ಬೇಲೂರು ಇಂತಿಷ್ಟನೆಯ ಶಾಸನ’ ಎಂದಷ್ಟೇ ಬರೆದರೆ ಓದುಗ ಬೇರೊಂದು ಕಲ್ಲಿನ ಮುಂದೆ ನಿಲ್ಲುತ್ತಾನೆ. ಎರಡೂ ಸಂಖ್ಯೆಗಳನ್ನು ಕೊಡುವುದಕ್ಕೆ ಹಿಡಿಯುವುದು ಅರ್ಧ ಸಾಲು.

ಕಠಿಣವಾದ ಕೆಲಸ ಐತಿಹ್ಯಗಳ ಬಗ್ಗೆ ಬರೆಯುವುದು. ಬೇಲೂರು, ಹಳೇಬೀಡು, ಸೋಮನಾಥಪುರದ ದೇವಾಲಯಗಳು 2023ರಲ್ಲಿ ಯುನೆಸ್ಕೋ ವಿಶ್ವಪರಂಪರೆಯ ಪಟ್ಟಿಗೆ ಸೇರಿದ ಮೇಲೆ ಅವುಗಳ ಬಗ್ಗೆ ಕೇಳುವವರೂ ಬರೆಯುವವರೂ ಹೆಚ್ಚಿದ್ದಾರೆ, ಸಹಜವಾಗಿಯೇ, ಇವನ್ನು ಕೆತ್ತಿದವನೆಂದು ಜನ ಹೇಳುವ ಜಕಣಾಚಾರಿಯ ಪ್ರಶ್ನೆ ಪ್ರತಿ ಸಲವೂ ಬರುತ್ತದೆ. ಬೇಲೂರಿನ ಶಾಸನಗಳಲ್ಲಿ ಜಕಣಾಚಾರಿಯ ಹೆಸರಿಲ್ಲ. ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಮೊದಲಾದ ರೂವಾರಿಗಳು ತಮ್ಮ ಹೆಸರುಗಳನ್ನು ವಿಗ್ರಹಗಳ ಪೀಠಗಳಲ್ಲಿ ಕೊರೆದಿದ್ದಾರೆ. ಚಿಕ್ಕಮಗಳೂರು ಜಿಲ್ಲೆಯ ಸಖರಾಯಪಟ್ಟಣದ ಅಯ್ಯನಕೆರೆಯ ದಂಡೆಯಲ್ಲಿ ನಿಂತು ಕೇಳಿದರೆ ಇದೇ ರೀತಿ ಅದನ್ನು ಕಟ್ಟಿಸಿದನೆಂಬ ರುಕ್ಮಾಂಗದರಾಯನ ಕಥೆ ಹೇಳುತ್ತಾರೆ. ಇಂಥಲ್ಲಿ ಸಂಶೋಧಕರು ಎರಡು ತುದಿಗಳಿಗೆ ಹೋಗುವುದನ್ನು ಕಂಡಿದ್ದೇನೆ: ಒಂದೋ ಕಥೆಯನ್ನೇ ಇತಿಹಾಸದ ಸಾಲಿನಲ್ಲಿ ಸೇರಿಸಿಬಿಡುವುದು, ಇಲ್ಲವೇ ‘ಕಟ್ಟುಕಥೆ’ ಎಂದು ಒಂದೇ ಮಾತಿನಲ್ಲಿ ತಳ್ಳಿಹಾಕುವುದು. ಎರಡೂ ಅವಸರದ ಬರವಣಿಗೆ. ‘ಊರಿನವರು ಹೀಗೆ ಹೇಳುತ್ತಾರೆ, ಶಾಸನಗಳಲ್ಲಿ ಇರುವ ಹೆಸರುಗಳು ಇವು’ ಎಂದು ಎರಡು ಪ್ರತ್ಯೇಕ ವಾಕ್ಯಗಳಲ್ಲಿ ಬರೆದರೆ ಕಥೆ ಹೇಳಿದವರಿಗೆ ಅವಮಾನವಾಗುವುದಿಲ್ಲ, ಹೆಸರು ಕೊರೆದಿಟ್ಟು ಹೋದ ಚಾವಣನಿಗೂ ಅನ್ಯಾಯವಾಗುವುದಿಲ್ಲ. ಈ ಎರಡನ್ನು ‘ಆದರೆ’ ಎಂಬ ಪದದಿಂದ ಬೆಸೆಯಬೇಕೇ ಬೇಡವೇ ಎಂದು ನಾನು ಪ್ರತಿ ಬಾರಿಯೂ ಯೋಚಿಸುತ್ತೇನೆ. ಸಾಮಾನ್ಯವಾಗಿ ಬೇಡವೆಂದೇ ತೋರುತ್ತದೆ.

ಕೆರೆಶಾಸನಗಳ ಅಧ್ಯಾಯವನ್ನು ಈ ಕ್ರಮದಲ್ಲಿ ತಿದ್ದಿ ಬರೆದಾಗ ಅದು ಗಾತ್ರದಲ್ಲಿ ಕುಗ್ಗಿತು. ಕೆಲವು ಪುಟಗಳಲ್ಲಿ ಹೇಳಲು ನನ್ನಲ್ಲಿ ಏನೂ ಇರಲಿಲ್ಲವೆಂಬುದು ಕರ್ತೃವನ್ನು ಹುಡುಕಿದಾಗ ಗೊತ್ತಾಯಿತು, ಅವನ್ನು ತೆಗೆದೆ. ಇನ್ನು ಕೆಲವು ಕಡೆ ವಿಷಯ ಬೆಳೆಯಿತು: ಗದ್ದೆ ಬಿಟ್ಟ ಗಾವುಂಡರ ಹೆಸರುಗಳನ್ನು ಒಂದೊಂದಾಗಿ ಬರೆಯುತ್ತ ಹೋದಂತೆ, ಅವರಲ್ಲಿ ಒಬ್ಬನ ಹೆಸರು ಪಕ್ಕದ ಊರಿನ ವೀರಗಲ್ಲಿನಲ್ಲಿಯೂ ಇರುವುದು ಕಣ್ಣಿಗೆ ಬಿತ್ತು. ಅವನೇ ಇವನೋ, ಅದೇ ಹೆಸರಿನ ಬೇರೊಬ್ಬನೋ ಎಂಬುದನ್ನು ಬಿಡಿಸಲು ಇನ್ನೂ ಆಧಾರ ಸಿಕ್ಕಿಲ್ಲ, ಹಾಗೆಂದೇ ಬರೆದಿದ್ದೇನೆ.

ಆ ಅಧ್ಯಾಯದ ಒಂದು ಭಾಗವನ್ನು ಲೇಖನವಾಗಿ ಪ್ರಕಟಿಸಿದ ಮೇಲೆ ಚಿಕ್ಕಮಗಳೂರಿನ ಸಂಶೋಧಕಿಯೊಬ್ಬರು ಪತ್ರ ಬರೆದರು. ತೂಬಿನ ಕಲ್ಲಿನಲ್ಲಿ ಸವೆದಿರುವ ಎರಡು ಅಕ್ಷರಗಳನ್ನು ನಾನು ಓದಿರುವ ರೀತಿಯನ್ನು ಅವರು ಒಪ್ಪುವುದಿಲ್ಲ. ಅಲ್ಲಿರುವುದು ಗದ್ದೆಯ ಅಳತೆಯಲ್ಲ, ಕೆರೆಯ ಹೆಸರೇ ಎಂದು ಅವರ ವಾದ. ಅಕ್ಷರಗಳು ಸವೆದಿವೆಯೆಂದೂ ಓದು ನನ್ನದೆಂದೂ ಲೇಖನದಲ್ಲಿ ಹೇಳಿದ್ದರಿಂದ ಅವರಿಗೆ ಹಿಡಿಯಬೇಕಾದ ಎಳೆ ಸಿಕ್ಕಿತು. ಉಳಿದ ಸಾಲುಗಳ ಬಗ್ಗೆ ಅವರಿಗೆ ತಕರಾರಿಲ್ಲ. ಅವರ ಓದು ಸರಿಯಾದರೆ ಕೆರೆಯ ಹಳೆಯ ಹೆಸರು ದೊರೆಯುತ್ತದೆ, ಬೇರೆ ಶಾಸನಗಳಲ್ಲಿ ಆ ಹೆಸರನ್ನು ಹುಡುಕಬಹುದು, ಕೆರೆಯ ಕಾಲ ಇನ್ನೂ ಹಿಂದಕ್ಕೆ ಹೋಗಬಹುದು. ಮಾರ್ಚ್ ಹೊತ್ತಿಗೆ ನೀರು ತೂಬಿನಿಂದ ಕೆಳಗಿಳಿಯುತ್ತದೆ. ಆಗ ಇಬ್ಬರೂ ಒಟ್ಟಿಗೆ ಹೋಗಿ ಹೊಸದಾಗಿ ಕಲ್ಲಿನ ಬರಹದ ಪಡಿಯಚ್ಚನ್ನು ಕಾಗದದ ಮೇಲೆ ತೆಗೆಯುವುದೆಂದೂ, ಅದಕ್ಕೆ ಮುಂಚೆ ಒಬ್ಬರ ಓದನ್ನು ಇನ್ನೊಬ್ಬರು ನೋಡದೆ ಬರೆದಿಟ್ಟುಕೊಳ್ಳುವುದೆಂದೂ ಮಾತಾಗಿದೆ.